ವರ್ಲಿಯ ಬಿಡಿಡಿ ಚಾಳನ್ನು ಸಿಂಗಪುರದ ಜೊತೆ ಹೋಲಿಸುವುದು ಸರಿಯೇ?

ವರ್ಲಿಯ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಇಲ್ಲಿನ ಚರ್ಚೆಗಳನ್ನು ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಮುಂಬೈಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಈಗ ಎರಡನೆಯ ವರ್ಷ. ಏಷ್ಯಾದ ನಗರಗಳಲ್ಲಿ ಸರ್ಕಾರ ಕಟ್ಟಿಸಿಕೊಟ್ಟ ವಸತಿ, ಅದರ ಸುತ್ತ ಬೆಳೆದ ರಾಜಕೀಯ ನನ್ನ ವಿಷಯ. ಕ್ಷೇತ್ರಕಾರ್ಯ ನಡೆಸುತ್ತಿರುವುದು ವರ್ಲಿಯ ಬಿಡಿಡಿ ಚಾಳುಗಳಲ್ಲಿ, ಅಂದರೆ ಕಾರ್ಮಿಕರಿಗೆಂದು ಕಟ್ಟಿದ ಸಾಲು ಕೋಣೆಗಳ ಹಳೆಯ ವಠಾರಗಳಲ್ಲಿ. ನಾನು ಹುಟ್ಟಿ ಬೆಳೆದದ್ದೂ ಅಲ್ಲಿಯೇ. ಅಜ್ಜ ಇಂಡಿ ತಾಲೂಕಿನಿಂದ ಬಂದು ಗಿರಣಿಯ ನೇಯ್ಗೆ ಖಾತೆಯಲ್ಲಿ ದುಡಿದವರು. ಅವರಿಗೆ ಸಿಕ್ಕ ಒಂದೇ ಕೋಣೆಯ ಖೋಲಿಯಲ್ಲಿ ಈಗ ಅಜ್ಜಿ ಇದ್ದಾರೆ.

ಮುಂಬೈಯ ಹೊರಗಿನವರಿಗಾಗಿ ನಾಲ್ಕು ಮಾತು. ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ, 1920ರಲ್ಲಿ, ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ (ಬಿಡಿಡಿ) ಎಂಬ ಇಲಾಖೆ ಹುಟ್ಟಿತು. ನಗರಕ್ಕೆ ಬರುವ ಒಂದೊಂದು ಹತ್ತಿ ಅಂಡಿಗೆಯ ಮೇಲೆ ಒಂದು ರೂಪಾಯಿ ಸುಂಕ ಹಾಕಿ, ಆ ಹಣದ ಬಲದಿಂದ ಕಾರ್ಮಿಕರಿಗೆ ಚಾಳು ಕಟ್ಟಿದರು. ಒಟ್ಟು 207 ಕಟ್ಟಡಗಳು. ಅವುಗಳಲ್ಲಿ 121 ವರ್ಲಿಯಲ್ಲಿಯೇ ಇವೆ, ಉಳಿದವು ನಾಯಗಾಂವ್, ಡಿಲೈಲ್ ರೋಡ್ ಮತ್ತು ಶಿವಡಿಯಲ್ಲಿ. ನೆಲಮಹಡಿಯ ಮೇಲೆ ಮೂರು ಮಹಡಿ, ಒಂದು ಕಟ್ಟಡಕ್ಕೆ ಎಂಬತ್ತು ಖೋಲಿ. ಖೋಲಿ ಸುಮಾರು 160 ಚದರ ಅಡಿ, ಶೌಚಾಲಯ ಸಾಮೂಹಿಕ. ಈಗ ಒಂದೊಂದಾಗಿ ಕೆಡವಿ ಟವರ್ ಕಟ್ಟುತ್ತಿದ್ದಾರೆ. ಹಳೆಯ ಬಾಡಿಗೆದಾರರಿಗೆ 500 ಚದರ ಅಡಿಯ ಫ್ಲ್ಯಾಟ್. 2025ರ ಆಗಸ್ಟ್‌ನಲ್ಲಿ ವರ್ಲಿಯ 556 ಕುಟುಂಬಗಳಿಗೆ ಬೀಗದಕೈ ಸಿಕ್ಕಿತು. ನಮ್ಮ ಕಟ್ಟಡದ ಸರದಿ ಇನ್ನೂ ಬಂದಿಲ್ಲ.

ನನ್ನ ಮಾರ್ಗದರ್ಶಕರು ಹೋಲಿಕೆ ಇಲ್ಲದಿದ್ದರೆ ಪ್ರಬಂಧಕ್ಕೆ ತೂಕ ಬರುವುದಿಲ್ಲ, ಸಿಂಗಪುರವನ್ನು ಸೇರಿಸಿ ಎಂದು ಹೇಳಿದ್ದಾರೆ. ಆರು ತಿಂಗಳಿನಿಂದ ಅದನ್ನೇ ಓದುತ್ತಿದ್ದೇನೆ. 1960ರಲ್ಲಿ ಅಲ್ಲಿ ವಸತಿ ಮಂಡಳಿ ಸ್ಥಾಪನೆಯಾಯಿತು. ಮರುವರ್ಷ ಮೇ 25ರಂದು ಬುಕಿಟ್ ಹೋ ಸ್ವೀ ಎಂಬಲ್ಲಿ ಬೆಂಕಿ ಬಿದ್ದು ಸುಮಾರು ಹದಿನಾರು ಸಾವಿರ ಜನ ಬೀದಿಗೆ ಬಂದರು. ಮಂಡಳಿ ಮೊದಲ ಐದು ವರ್ಷಗಳಲ್ಲಿಯೇ ಐವತ್ತು ಸಾವಿರಕ್ಕೂ ಹೆಚ್ಚು ಮನೆ ಕಟ್ಟಿತು. ಇಂದು ಆ ದೇಶದ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಜನ ಅಂಥ ಮನೆಗಳಲ್ಲಿದ್ದಾರೆ. ಇದನ್ನೆಲ್ಲ ಓದಿ ಮುಗಿಸಿ ನಮ್ಮ ಚಾಳಿನ ಬಗ್ಗೆ ಬರೆಯಲು ಕುಳಿತರೆ ಪ್ರತಿ ಪುಟವೂ ಸೋಲಿನ ಲೆಕ್ಕವಾಗುತ್ತದೆ. ಅವರು ಕಟ್ಟಿದರು, ನಾವು ಕಟ್ಟಲಿಲ್ಲ. ಅವರಲ್ಲಿ ಲಿಫ್ಟ್, ನಮ್ಮಲ್ಲಿ ಸೋರುವ ತಾರಸಿ. ಅಜ್ಜಿ ಅರವತ್ತು ವರ್ಷ ಬದುಕಿದ ಜಾಗದ ಬಗ್ಗೆ ಹೇಳಬೇಕಾದದ್ದು ಇಷ್ಟೇ ಎಂದು ನನಗೆ ಅನಿಸುತ್ತಿಲ್ಲ. ಆದರೆ ಬೇರೇನು ಹೇಳಬೇಕು ಎಂಬುದು ಕೈಗೆ ಸಿಗುತ್ತಿಲ್ಲ.

ಭಾಷೆಯದು ಇನ್ನೊಂದು ತೊಡಕು. ಈವರೆಗೆ ಮೂವತ್ತೆಂಟು ಮಂದಿಯನ್ನು ಮಾತನಾಡಿಸಿದ್ದೇನೆ, ಕೆಲವರನ್ನು ಮರಾಠಿಯಲ್ಲಿ, ಹೆಚ್ಚಿನವರನ್ನು ಕನ್ನಡದಲ್ಲಿ. ಧ್ವನಿಮುದ್ರಣವನ್ನು ಬರಹಕ್ಕಿಳಿಸುವಾಗ ಒಂದು ಸಂಗತಿ ಗಮನಕ್ಕೆ ಬಂತು. ನಮ್ಮ ಹಿರಿಯರು ಮುಂಬೈಯ ಜಾಗಕ್ಕೆ ಅಪ್ಪಿತಪ್ಪಿಯೂ ‘ಮನೆ’ ಎನ್ನುವುದಿಲ್ಲ. ಇಲ್ಲಿಯದು ಖೋಲಿ, ಮನೆ ಎಂದರೆ ಊರಿನದು. ಊರಿನ ಮನೆ ಬಿದ್ದುಹೋಗಿ ಇಪ್ಪತ್ತು ವರ್ಷವಾದವರೂ ಹಾಗೆಯೇ ಹೇಳುತ್ತಾರೆ. ಪ್ರಬಂಧವನ್ನು ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ. ಅಲ್ಲಿ ಎರಡಕ್ಕೂ ಒಂದೇ ಪದ ಹಾಕಿದಾಗ ಇಡೀ ಮಾತೇ ಸತ್ತುಹೋಗುತ್ತದೆ.

ಕೊನೆಯದಾಗಿ, ನನ್ನ ನಿದ್ದೆ ಕೆಡಿಸಿರುವ ವಿಷಯ. ಫ್ಲ್ಯಾಟಿಗೆ ಯಾರು ಅರ್ಹರು ಎಂದು ಪಟ್ಟಿ ಮಾಡುತ್ತಾರೆ. ಮರಾಠಿಯಲ್ಲಿ ಅದಕ್ಕೆ ‘ಪಾತ್ರ’, ‘ಅಪಾತ್ರ’ ಎಂಬ ಪದಗಳು. ಬಾಡಿಗೆ ರಸೀದಿಯಲ್ಲಿರುವ ಅಜ್ಜನ ಹೆಸರಿಗೂ ಪಡಿತರ ಚೀಟಿಯಲ್ಲಿರುವ ಹೆಸರಿಗೂ ಒಂದು ಅಕ್ಷರದ ವ್ಯತ್ಯಾಸವಿದ್ದುದರಿಂದ ಮೊದಲ ಪಟ್ಟಿಯಲ್ಲಿ ಅಜ್ಜಿಯ ಮುಂದೆ ‘ಅಪಾತ್ರ’ ಎಂದು ಬಂತು. ಆಮೇಲೆ ಓಡಾಡಿ ಸರಿಪಡಿಸಿದೆವು. ಆದರೆ ಆ ದಿನ ಅಜ್ಜಿ ಆ ಪದವನ್ನು ಕನ್ನಡದ ಕಿವಿಯಲ್ಲಿ ಕೇಳಿಸಿಕೊಂಡರು. ಅವರಿಗೆ ಗೊತ್ತಿದ್ದದ್ದು ಅಪಾತ್ರದಾನ. “ದಾನಕ್ಕೆ ಯೋಗ್ಯಳಲ್ಲ ಎಂದು ಬರೆದಿದ್ದಾರೆಯೇ? ನಾನು ಯಾರ ಹತ್ತಿರ ದಾನ ಕೇಳಿದ್ದೆ?” ಎಂದು ಕೇಳಿ, ಆ ಹೊತ್ತು ಊಟ ಮಾಡದೆ ಮಲಗಿದರು. ಹಿಟ್ಟಿನ ಡಬ್ಬಿಯ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ರಸೀದಿಗಳನ್ನು ರಾತ್ರಿ ಎದ್ದು ಒಂದೊಂದಾಗಿ ನೆಲದ ಮೇಲೆ ಹರಡಿ, ಅಂಗೈಯಿಂದ ಮಡಿಕೆ ಬಿಡಿಸುತ್ತ ಕುಳಿತಿದ್ದರು. ನಾನು ಎಚ್ಚರವಾಗಿದ್ದೆ, ಆದರೂ ಏಳಲಿಲ್ಲ.

ಮಾತನಾಡಿದವರಲ್ಲಿ ಕೆಲವರು ತಮ್ಮ ಕಾಗದಪತ್ರಗಳ ಒಳಗುಟ್ಟನ್ನೂ ನಂಬಿ ಹೇಳಿದ್ದಾರೆ: ಯಾರ ಹೆಸರಿನ ಖೋಲಿಯಲ್ಲಿ ಯಾರಿದ್ದಾರೆ, ಎಂದು ಬಂದರು, ಎಷ್ಟು ಕೊಟ್ಟರು. ಅದನ್ನು ಬರೆದರೆ ಅವರ ಫ್ಲ್ಯಾಟಿಗೆ ಕುತ್ತು, ಬರೆಯದಿದ್ದರೆ ನನ್ನ ಅಧ್ಯಾಯ ಅರ್ಧ ಸುಳ್ಳು. ಇಂಥ ಕೆಲಸ ಮಾಡಿದವರು, ಹತ್ತಿರದಿಂದ ಕಂಡವರು ದಯವಿಟ್ಟು ದಾರಿ ಹೇಳಿ.

ಕೊಥ್ರೂಡಿನ ಮೇಷ್ಟ್ರು

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಧಾರವಾಡದವನು. ಪುಣೆಯಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತನಾಗಿ ಒಂಬತ್ತು ವರ್ಷವಾಯಿತು. ನಿಮ್ಮ ಮಾರ್ಗದರ್ಶಕರು ಹೋಲಿಕೆ ಬೇಕು ಎಂದದ್ದು ಸರಿ. ನೀವು ಹೋಲಿಸಲು ಹಿಡಿದ ವಸ್ತು ತಪ್ಪು. ಇಂದಿನ ಸಿಂಗಪುರದ ಮನೆಯನ್ನು ಇಂದಿನ ವರ್ಲಿಯ ಚಾಳಿನ ಪಕ್ಕದಲ್ಲಿ ನಿಲ್ಲಿಸಿದರೆ ಸೋಲಲ್ಲದೆ ಇನ್ನೇನು ಕಾಣಿಸೀತು? ಕಟ್ಟಡಕ್ಕೆ ಕಟ್ಟಡವನ್ನೇ ಇಟ್ಟು ನೋಡುವುದಾದರೆ ಹಾಂಗ್‌ಕಾಂಗಿಗೆ ಹೋಗಿ. 1953ರ ಕ್ರಿಸ್ಮಸ್ ರಾತ್ರಿ ಶೆಕ್ ಕಿಪ್ ಮೇ ಎಂಬ ಗುಡಿಸಲು ಬಡಾವಣೆ ಹೊತ್ತಿ ಉರಿದು ಐವತ್ತು ಸಾವಿರಕ್ಕೂ ಹೆಚ್ಚು ಜನ ನಿರಾಶ್ರಿತರಾದರು. ಮರುವರ್ಷದಿಂದ ಅಲ್ಲಿನ ಬ್ರಿಟಿಷ್ ಸರ್ಕಾರ ಕಟ್ಟಿದ ಬ್ಲಾಕುಗಳಲ್ಲಿ ಐದು ಮಂದಿ ದೊಡ್ಡವರಿಗೆ 120 ಚದರ ಅಡಿಯ ಒಂದು ಕೋಣೆ ಕೊಟ್ಟರು, ಮಕ್ಕಳನ್ನು ಅರ್ಧ ಆಳಾಗಿ ಎಣಿಸಿದರು. ನಲ್ಲಿಯೂ ಶೌಚಾಲಯವೂ ಎಲ್ಲರಿಗೂ ಸೇರಿದ್ದು. ನಿಮ್ಮ ಅಜ್ಜಿಯ ಖೋಲಿ ಅದಕ್ಕಿಂತ ನಲವತ್ತು ಚದರ ಅಡಿ ದೊಡ್ಡದು, ಮೂವತ್ತು ವರ್ಷ ಹಿರಿಯದು. ಒಂದೇ ಸಾಮ್ರಾಜ್ಯ ಎರಡು ಬಂದರುಗಳಲ್ಲಿ ಕೂಲಿಕಾರನಿಗೆ ಎಷ್ಟು ಜಾಗ ಸಾಕು ಎಂದು ಅಳೆದ ಲೆಕ್ಕ ಅದು.

ಈ ಸಂಬಂಧಕ್ಕೆ ಇನ್ನೂ ಹಳೆಯ ಬೇರಿದೆ. 1896ರ ಪ್ಲೇಗಿನ ಬೆನ್ನಿಗೆ, 1898ರಲ್ಲಿ ನಗರ ಸುಧಾರಣೆಗೆಂದು ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. 1927ರಲ್ಲಿ ಸಿಂಗಪುರದಲ್ಲಿ ಸಿಂಗಪುರ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂತು. 1960ರಲ್ಲಿ ವಸತಿ ಮಂಡಳಿ ಕೈಗೆ ತೆಗೆದುಕೊಂಡದ್ದು ಆ ಟ್ರಸ್ಟಿನ ಕೆಲಸವನ್ನೇ. ನಮ್ಮ ಮೈಸೂರಿನಲ್ಲಿಯೂ ಅದೇ ಹೆಸರಿನ ಮಂಡಳಿ ಇತ್ತು. ಸಿಂಗಪುರವನ್ನು ಮುಂಬೈಯ ಮುಂದೆ ಕನ್ನಡಿಯ ಹಾಗೆ ಹಿಡಿಯುವವರು ಈ ದಾಯಾದಿತನವನ್ನು ಮರೆಯುತ್ತಾರೆ. ಜಪಾನಿನ ವಿದ್ವಾಂಸ ತಾಕೆಉಚಿ ಯೋಶಿಮಿ 1960ರಲ್ಲಿ ಒಂದು ಉಪನ್ಯಾಸದಲ್ಲಿ ಏಷ್ಯಾವನ್ನೇ ವಿಧಾನವಾಗಿ ಹಿಡಿಯುವ ಮಾತು ಎತ್ತಿದರು. ಜಪಾನನ್ನು ಯುರೋಪಿನ ಪಕ್ಕದಲ್ಲಿಯೇ ನಿಲ್ಲಿಸಿ ಅಳೆಯುತ್ತಿದ್ದರೆ ಕಾಣದ ಸಂಗತಿ, ಚೀನಾ ಮತ್ತು ಭಾರತವನ್ನು ಜೊತೆಗಿಟ್ಟಾಗ ಕಾಣುತ್ತದೆ ಎಂಬುದು ಅವರ ವಾದದ ತಿರುಳು. ಅಂದು ಅಳತೆಗೋಲು ಯುರೋಪಿನದಾಗಿತ್ತು. ಈಗ ಸಿಂಗಪುರವನ್ನೇ ಅಳತೆಗೋಲು ಮಾಡಿಕೊಂಡರೆ ನಾವು ಅಷ್ಟರಮಟ್ಟಿಗೆ ಮತ್ತೆ ಹಿಂದಕ್ಕೆ ಹೋದಂತೆ.

ಹಾಗಾದರೆ ಹೋಲಿಸುವುದು ಏನನ್ನು? ಅದನ್ನು ನಿಮ್ಮ ಅಜ್ಜಿ ಹೇಳಿಬಿಟ್ಟಿದ್ದಾರೆ. ಪಾತ್ರ ಯಾರು, ಅಪಾತ್ರ ಯಾರು? ನೀವು ನೋಡಬೇಕಾದದ್ದು ಕಟ್ಟಡದ ಬಾಗಿಲನ್ನು. ಸಿಂಗಪುರದಲ್ಲಿ ಹೊಸ ಮನೆ ಕೊಳ್ಳಬೇಕಾದರೆ ‘ಕುಟುಂಬ’ ಎಂಬ ಲೆಕ್ಕಕ್ಕೆ ಬರಬೇಕು. ಮದುವೆಯಾಗದ ಒಂಟಿ ಮನುಷ್ಯ ಮೂವತ್ತೈದು ತುಂಬುವವರೆಗೆ ಕಾಯಬೇಕು. 1989ರಿಂದ ಪ್ರತಿ ಬ್ಲಾಕಿನಲ್ಲಿ ಚೀನೀಯರು, ಮಲಯರು, ಭಾರತೀಯರು ಇಂತಿಷ್ಟೇ ಇರಬೇಕೆಂಬ ಮಿತಿಯೂ ಇದೆ. ಕೊಂಡವನನ್ನು ಒಡೆಯ ಎನ್ನುತ್ತಾರೆ, ಕೈಗೆ ಬರುವುದು 99 ವರ್ಷಗಳ ಗುತ್ತಿಗೆ. ಹಾಂಗ್‌ಕಾಂಗಿನಲ್ಲಿ ಸರ್ಕಾರಿ ಬಾಡಿಗೆ ಮನೆ ಹಂಚುವಾಗ ಮನೆಮಂದಿಯಲ್ಲಿ ಅರ್ಧದಷ್ಟು ಜನರಾದರೂ ಏಳು ವರ್ಷ ಅಲ್ಲಿ ನೆಲೆಸಿರಬೇಕು. ಮುಂಬೈಗೆ ಬನ್ನಿ, ಇಲ್ಲಿ ಬಾಗಿಲು ಕಾಯುವುದು ತಾರೀಕು. ಕೊಳೆಗೇರಿಯವನಾದರೆ 1995ರ ಜನವರಿ 1, ಆಮೇಲೆ 2000ದ ಜನವರಿ 1. ಗಿರಣಿ ಕಾರ್ಮಿಕರ ಮನೆಗಳಿಗೆ 1982ರ ಜನವರಿ 1. ಅಂದು ಅಥವಾ ಅದರ ಬಳಿಕ ಗಿರಣಿಯ ಪಟ್ಟಿಯಲ್ಲಿ ಹೆಸರಿರಬೇಕು. ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳುತನದ ಗಿರಣಿ ಮುಷ್ಕರ ಶುರುವಾದದ್ದು ಆ ತಿಂಗಳ 18ಕ್ಕೆ. ಒಂದು ನಾಡು ಮನುಷ್ಯನನ್ನು ಕುಟುಂಬದಿಂದ ಗುರುತಿಸಿತು, ಒಂದು ನೆಲೆಸಿದ ವರ್ಷಗಳಿಂದ, ನಮ್ಮದು ಕಾಗದದ ಮೇಲಿನ ದಿನಾಂಕದಿಂದ. ಯಾವ ಸರ್ಕಾರ ಯಾರನ್ನು ತನ್ನವನೆಂದು ಒಪ್ಪಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಕಿಟಕಿ ನಿಮಗೆ ಸಿಗಲಾರದು. ಸಿಂಗಪುರದ ಸಮಾಜಶಾಸ್ತ್ರಜ್ಞ ಚುವಾ ಬೆಂಗ್ ಹ್ವಾಟ್, ಆಳುವ ಪಕ್ಷಕ್ಕೆ ಜನರ ಒಪ್ಪಿಗೆ ದೊರೆತದ್ದರ ಹಿಂದೆ ಈ ಮನೆಗಳಿವೆ ಎಂದು ವಿವರವಾಗಿ ವಾದಿಸಿದ್ದಾರೆ. ಮೊದಲು ಅವರನ್ನು ಓದಿ.

ಸಿಂಗಪುರಕ್ಕೆ ಹೋಗಲು ಹಣವಿಲ್ಲ ಎಂದು ಕೈಚೆಲ್ಲಬೇಡಿ. ಅಲ್ಲಿನ ರಾಷ್ಟ್ರೀಯ ಪತ್ರಾಗಾರದ ಮೌಖಿಕ ಇತಿಹಾಸ ವಿಭಾಗ 1979ರಿಂದ ಸಾಮಾನ್ಯರ ಸಂದರ್ಶನಗಳನ್ನೂ ಸಂಗ್ರಹಿಸುತ್ತ ಬಂದಿದೆ. ಅನೇಕವನ್ನು ಮನೆಯಲ್ಲಿಯೇ ಕುಳಿತು ಅಂತರಜಾಲದಲ್ಲಿ ಕೇಳಬಹುದು. ಚೀನಾದ ನುಡಿಗಳಲ್ಲಿವೆ, ಮಲಯದಲ್ಲಿವೆ, ತಮಿಳಿನಲ್ಲಿಯೂ ಇವೆ. ಮುಂಬೈಯ ಕಡತಗಳಿಗೆ ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರವಿದೆ. ಅಲ್ಲಿ ಒಂದು ವಾರ ಕುಳಿತರೆ ಸಾಲದು, ತಿಂಗಳು ಇಡಿ.

ಖೋಲಿ ಎಂಬ ಪದವನ್ನು ಅನುವಾದಿಸಲೇಬೇಡಿ. ಹಾಗೆಯೇ ಇಟ್ಟು, ಮೊದಲ ಸಲ ಬಂದಾಗ ಅರ್ಧ ಪುಟ ವಿವರಿಸಿ. ಹಾಂಗ್‌ಕಾಂಗಿನ ಜನ ಸರ್ಕಾರಿ ಮನೆ ಸಿಗುವುದಕ್ಕೆ ‘ಮಹಡಿ ಹತ್ತುವುದು’ ಎನ್ನುತ್ತಾರೆ. ಆ ಮಾತು ನಿಮ್ಮ ಖೋಲಿಯ ಪಕ್ಕದಲ್ಲಿ ಬಂದು ನಿಲ್ಲಲಿ. ನೀವು ಚಾಳಿನವರೇ ಆಗಿದ್ದೀರಿ ಎಂಬುದಕ್ಕೆ ಸಂಕೋಚವೂ ಬೇಡ. ಬಾಂಬೆ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರಜ್ಞ ಘುರ್ಯೆಯವರ ಶಿಷ್ಯರಾಗಿದ್ದ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯಲ್ಲಿ ಕುಳಿತು ಕೆಲಸ ಮಾಡಿದ್ದು ಅವರೇ ಆಡುವ ಕನ್ನಡದಲ್ಲಿ. 1970ರಲ್ಲಿ ಅಮೆರಿಕದಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಸಿಕ್ಕಿ ಸುಟ್ಟುಹೋದ ಮೇಲೂ ನೆನಪಿನ ಬಲದಿಂದಲೇ ಆ ಊರನ್ನು ಬರೆದರು. ಕಿವಿಯಲ್ಲಿ ಉಳಿದ ನುಡಿಗೆ ಅಷ್ಟು ಶಕ್ತಿ ಇದೆ. ಆದರೂ ನಿಮ್ಮ ಧ್ವನಿಮುದ್ರಣಗಳನ್ನು ಎರಡು ಕಡೆ ಇಟ್ಟುಕೊಳ್ಳಿ.

ಸೊಲ್ಲಾಪುರದವ, ಸದ್ಯ ಪರೇಲ್

ಮೇಷ್ಟ್ರ ಮಾತಿಗೆ ಗೌರವವಿದೆ, ಆದರೆ ನಾನು ಒಪ್ಪುವುದಿಲ್ಲ. ಸಿಂಗಪುರ, ಹಾಂಗ್‌ಕಾಂಗ್ ಎಂದು ಎಷ್ಟು ದೂರ ಹೋಗುತ್ತೀರಿ? 2004ರ ಸುಮಾರಿಗೆ ಮುಂಬೈಯನ್ನು ಶಾಂಘೈ ಮಾಡುತ್ತೇವೆ ಎಂದು ಎಲ್ಲರ ಬಾಯಲ್ಲಿತ್ತು. ಆ ಮಾತಿನ ನೆರಳಿನಲ್ಲಿ ಎಷ್ಟು ಗುಡಿಸಲು ನೆಲಕ್ಕೆ ಉರುಳಿದವು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಅಂದಿನಿಂದ ಹೊರದೇಶದ ಊರಿನ ಹೆಸರು ಕೇಳಿದರೆ ಯಾರ ಖೋಲಿಗೆ ಬುಲ್ಡೋಜರ್ ಬರುತ್ತದೆಯೋ ಎಂದು ಮನಸ್ಸು ಅಳುಕುತ್ತದೆ.

ತಂಗಿ, ರೈಲು ಹತ್ತಿ ಸೊಲ್ಲಾಪುರಕ್ಕೆ ಒಮ್ಮೆ ಹೋಗಿ ಬನ್ನಿ. ಅದೂ ಗಿರಣಿಯ ಊರು. ಕನ್ನಡ, ತೆಲುಗು, ಮರಾಠಿ ಒಂದೇ ಓಣಿಯಲ್ಲಿ ಕೇಳುವ ಊರು. ಗಿರಣಿಗಳು ಮುಚ್ಚಿದ ಮೇಲೆ ಎಷ್ಟೋ ಮನೆಗಳ ಒಲೆ ಉರಿದದ್ದು ಹೆಂಗಸರು ಸುತ್ತಿದ ಬೀಡಿಯಿಂದ. ನನ್ನ ಅವ್ವನ ಬಲಗೈ ಹೆಬ್ಬೆರಳಿನ ಉಗುರು ತಂಬಾಕಿನ ಬಣ್ಣಕ್ಕೆ ತಿರುಗಿದ್ದು ಕೊನೆಯವರೆಗೂ ಹಾಗೆಯೇ ಇತ್ತು. ಆ ಹೆಂಗಸರು ಕಾರ್ಮಿಕ ನಾಯಕ ನರಸಯ್ಯ ಆಡಂ ಮಾಸ್ತರರ ಮುಂದಾಳುತನದಲ್ಲಿ ಸಂಘ ಕಟ್ಟಿ ವರ್ಷಗಟ್ಟಲೆ ಹೋರಾಡಿ, ಸೊಲ್ಲಾಪುರದ ಹತ್ತಿರದ ಕುಂಭಾರಿಯಲ್ಲಿ ಗೋದೂತಾಯಿ ಪರುಳೇಕರ್ ಹೆಸರಿನ ಸಹಕಾರಿ ವಸಾಹತಿನಲ್ಲಿ ಹತ್ತು ಸಾವಿರ ಮನೆ ಪಡೆದರು. ಅದು 2006ರ ಮಾತು. ಆ ದಾರಿಯಲ್ಲಿಯೇ ಬಂದ ರೇನಗರದ ಯೋಜನೆ ಒಟ್ಟು ಮೂವತ್ತು ಸಾವಿರ ಮನೆಗಳದು. ಅದರಲ್ಲಿ ಹದಿನೈದು ಸಾವಿರವನ್ನು 2024ರ ಜನವರಿಯಲ್ಲಿ ಹಂಚಿದರು. ಮೇಷ್ಟ್ರು ಬಾಗಿಲು ಎಂದರಲ್ಲ, ಇಲ್ಲಿ ಬಾಗಿಲು ತೆರೆದದ್ದು ದುಡಿಮೆ. ನೀನು ಎಂದು ಬಂದೆ ಎಂದಲ್ಲ, ಏನು ಕೆಲಸ ಮಾಡುತ್ತೀಯೆ ಎಂಬ ಪ್ರಶ್ನೆ. ಏಷ್ಯಾ ಎಂದರೆ ಸಮುದ್ರದಾಚೆಯೇ ಇರಬೇಕೇ? ಸೊಲ್ಲಾಪುರವೂ ಏಷ್ಯಾದಲ್ಲಿಯೇ ಇದೆ.

ವಾಸ್ಕೊ ಟೀಚರ್

ನಾನು ಸಂಶೋಧಕಿಯಲ್ಲ. ಗೋವಾದ ವಾಸ್ಕೊದಲ್ಲಿ ಕನ್ನಡ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದವಳು. ಕೊನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಇಲ್ಲಿನ ಬೈನಾ ಕಡಲತೀರದಲ್ಲಿ ನಮ್ಮ ಬಾಗಲಕೋಟೆ, ಗದಗ, ಕೊಪ್ಪಳ ಕಡೆಯ ಕೂಲಿಯವರು ಬಹಳ ಮಂದಿ ಇದ್ದರು. 2004ರ ಜೂನ್‌ನಲ್ಲಿ ಅಲ್ಲಿನ ಮನೆಗಳನ್ನು ಕೆಡವಲಾಯಿತು. ಬೈನಾ ಎಂದರೆ ವೇಶ್ಯಾವಾಟಿಕೆಯ ಜಾಗ ಎಂದಷ್ಟೇ ಹೊರಗಿನವರಿಗೆ ಗೊತ್ತಿತ್ತು; ಆ ಹೆಸರಿನ ಅಡಿಯಲ್ಲಿ ಬಂದರಿನ ಹಮಾಲರ, ಗಾರೆ ಕೆಲಸದವರ ಗುಡಿಸಲುಗಳೂ ಹೋದವು. ಮಳೆ ಹಿಡಿದಿತ್ತು. ಶಾಲೆ ಶುರುವಾಗಿ ಕೆಲವೇ ದಿನ. ಮೂರನೆಯ ತರಗತಿಯ ಒಬ್ಬ ಹುಡುಗ ಒದ್ದೆಯಾದ ಪುಸ್ತಕದ ಹಾಳೆಗಳನ್ನು ಬಿಡಿಸಲು ಬಾರದೆ, ಇಡೀ ಪುಸ್ತಕವನ್ನು ಇಟ್ಟಿಗೆಯಂತೆ ಎರಡು ಕೈಯಲ್ಲಿ ಹಿಡಿದುಕೊಂಡು ಬಂದು ನನ್ನ ಮೇಜಿನ ಮೇಲಿಟ್ಟ. ಮರುದಿನದಿಂದ ಅವನು ಬರಲಿಲ್ಲ. ಇಲ್ಲಿ ನಮ್ಮ ಜನರನ್ನು ‘ಘಾಟಿ’ ಎನ್ನುತ್ತಾರೆ, ಘಟ್ಟದ ಮೇಲಿನವರು ಎಂದು. ಹಾಗೆ ಕರೆಯಿಸಿಕೊಳ್ಳುತ್ತಲೇ ಈ ಊರಿನ ಕಟ್ಟಡಗಳಿಗೆ ಕಲ್ಲು ಹೊತ್ತವರು ಅವರು.

ಆ ವರ್ಷ, ಆಮೇಲಿನ ವರ್ಷಗಳಲ್ಲಿ ಅಧ್ಯಯನ ಮಾಡುವವರು ಬಹಳ ಮಂದಿ ಬಂದರು. ಕನ್ನಡ ಬಾರದವರಿಗೆ ನಾನೇ ದುಭಾಷಿ. ಅಳುವ ಹೆಂಗಸರನ್ನು ಮತ್ತೆ ಅಳಿಸಿ ಅವರ ಮಾತುಗಳನ್ನು ಇವರಿಗೆ ಒಪ್ಪಿಸಿದ್ದೇನೆ. ವರದಿ ಕಳುಹಿಸುತ್ತೇವೆ ಎಂದವರಲ್ಲಿ ಒಬ್ಬರೂ ಕಳುಹಿಸಲಿಲ್ಲ. ಏನು ಬರೆದರು, ನಮ್ಮನ್ನು ಏನೆಂದು ಕರೆದರು, ನಮಗೆ ಇಂದಿಗೂ ತಿಳಿಯದು. ಆ ಹೆಂಗಸರಲ್ಲಿ ಇಬ್ಬರು ಈಗಲೂ ಸಂತೆಯಲ್ಲಿ ಸಿಕ್ಕಾಗ, “ಟೀಚರ್, ಅವರು ಬರೆದ ಪುಸ್ತಕ ಬಂತೇ?” ಎಂದು ಕೇಳುತ್ತಾರೆ. ನನಗೆ ಮುಖ ತಗ್ಗಿಸುವಂತಾಗುತ್ತದೆ.

ಆದುದರಿಂದ ನೀವು ಒಂದು ಕೆಲಸ ಮಾಡಿ. ಯಾರ ಮಾತು ಬರೆದಿದ್ದೀರೋ ಅವರ ಎದುರು ಕುಳಿತು ಕನ್ನಡದಲ್ಲಿ ಓದಿ ಹೇಳಿ. ಬೇಡ ಎಂದ ಸಾಲನ್ನು ಹೊಡೆದುಹಾಕಿ. ಹೆಸರು ಬದಲಿಸಿದರೆ ಸಾಕು ಎಂದು ನಿಮಗೆ ಯಾರಾದರೂ ಹೇಳಿಕೊಟ್ಟಿದ್ದರೆ ನಂಬಬೇಡಿ. ಎಂಬತ್ತು ಖೋಲಿಯ ಕಟ್ಟಡದಲ್ಲಿ ‘ಮೂರನೆಯ ಮಹಡಿಯ, ಹೊಲಿಗೆ ಯಂತ್ರವಿರುವ ವಿಧವೆ’ ಎಂದು ಬರೆದರೆ ಹೆಸರು ಬರೆದಂತೆಯೇ. ಮಹಡಿ ಬದಲಿಸಿ, ಯಂತ್ರ ತೆಗೆಯಿರಿ, ಬಂದ ವರ್ಷ ಬದಲಿಸಿ, ಬೇಕಿದ್ದರೆ ಮೂವರ ಕಥೆಯನ್ನು ಒಬ್ಬರದಾಗಿಸಿ, ಹಾಗೆ ಮಾಡಿದ್ದೇನೆ ಎಂದು ಮುನ್ನುಡಿಯಲ್ಲಿ ಹೇಳಿಕೊಳ್ಳಿ. ಪಟ್ಟಿ ಅಂತಿಮವಾಗಿ ಬೀಗದಕೈ ಕೈಗೆ ಬರುವವರೆಗೆ ಆ ಅಧ್ಯಾಯವನ್ನು ಎಲ್ಲಿಯೂ ಅಚ್ಚು ಹಾಕಿಸಬೇಡಿ. ಪದವಿ ಒಂದು ವರ್ಷ ತಡವಾದರೆ ನಿಮಗೆ ಮತ್ತೆ ಸಿಗುತ್ತದೆ, ಅವರ ಮನೆ ಹೋದರೆ ಸಿಗುವುದಿಲ್ಲ.

ಕೊಥ್ರೂಡಿನ ಮೇಷ್ಟ್ರು

ಟೀಚರ್ ಬರೆದದ್ದನ್ನು ನಾನು ಮೂವತ್ತು ವರ್ಷಗಳ ಹಿಂದೆ ಓದಬೇಕಿತ್ತು. ನನ್ನ ವಿದ್ಯಾರ್ಥಿಗಳಿಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದನ್ನು ಕಲಿಸಿದೆ. ಮರಳಿ ಹೋಗಿ ಓದಿ ಹೇಳುವುದನ್ನು ಕಲಿಸಲಿಲ್ಲ. ಸೊಲ್ಲಾಪುರದವರೇ, ನಿಮ್ಮ ಮಾತನ್ನೂ ಒಪ್ಪಿದೆ. ಕುಟುಂಬ, ನೆಲೆಸಿದ ವರ್ಷ, ತಾರೀಕು ಎಂಬ ನನ್ನ ಲೆಕ್ಕದಲ್ಲಿ ದುಡಿಮೆ ಬಿಟ್ಟುಹೋಗಿತ್ತು. ಸೊಲ್ಲಾಪುರವಿಲ್ಲದೆ ಈ ಪ್ರಬಂಧ ಪೂರ್ತಿಯಾಗುವುದಿಲ್ಲ. ಆದರೆ ಅದನ್ನು ಸೇರಿಸಲು ಹಾಂಗ್‌ಕಾಂಗನ್ನು ಬಿಡಬೇಕಿಲ್ಲ.

ವರ್ಲಿಯ ಮೊಮ್ಮಗಳು

ಮೂವರಿಗೂ ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸಿ. ಟೀಚರ್ ಹೇಳಿದ್ದನ್ನು ಮಾಡಿ ನೋಡಿದ ಮೇಲೆಯೇ ಬರೆಯೋಣ ಎಂದುಕೊಂಡೆ.

ಕಳೆದ ಎರಡು ಭಾನುವಾರ ಚಾಳಿನಲ್ಲಿ ಕುಳಿತು ಏಳು ಮಂದಿಗೆ ಅವರವರ ಪುಟಗಳನ್ನು ಕನ್ನಡದಲ್ಲಿ ಓದಿ ಹೇಳಿದೆ. ಇಬ್ಬರು ಕೆಲವು ಸಾಲು ತೆಗೆಸಿದರು. ಒಬ್ಬರು ತಾವು ಹೇಳಿದ್ದೆಲ್ಲ ಬೇಡ ಎಂದರು, ತೆಗೆದೆ. ನಾನು ಎಣಿಸದೇ ಇದ್ದ ಸಂಗತಿ ಎಂದರೆ ಉಳಿದ ನಾಲ್ವರು ಇನ್ನಷ್ಟು ಸೇರಿಸಿದರು. ಮುಷ್ಕರದ ಎರಡನೆಯ ವರ್ಷ ನಮ್ಮ ಮಹಡಿಯ ಗಂಡಸರು ಊರಿಗೆ ಹೋಗಿಬಿಟ್ಟಾಗ, ಖೋಲಿ ಕೈತಪ್ಪಬಾರದೆಂದು ಹೆಂಗಸರು ಸರದಿಯ ಮೇಲೆ ಬಾಡಿಗೆ ಕಟ್ಟಿದ ಕಥೆಯನ್ನು ಒಬ್ಬ ಅಜ್ಜಿ ಮೊದಲ ಸಲ ಬಿಚ್ಚಿದರು. ಮೊದಲ ಸಂದರ್ಶನದಲ್ಲಿ ಅವರು ಅದನ್ನು ಹೇಳಿರಲೇ ಇಲ್ಲ. ನೀನು ಕೇಳಿಕೊಂಡು ಹೋಗುವವಳು ಎಂದುಕೊಂಡಿದ್ದೆ, ಮತ್ತೆ ಬರುವವಳು ಎಂದು ಗೊತ್ತಿರಲಿಲ್ಲ ಎಂದರು.

ಮಾರ್ಗದರ್ಶಕರ ಜೊತೆಗೂ ಮಾತನಾಡಿದೆ. ಪ್ರಬಂಧದ ನಡುಗಂಬ ಈಗ ‘ಅರ್ಹತೆ’. ಸಿಂಗಪುರ ಇರುತ್ತದೆ, ಅಳತೆಗೋಲಾಗಿ ಅಲ್ಲ. ಹಾಂಗ್‌ಕಾಂಗಿನ 120 ಚದರ ಅಡಿಯ ಕೋಣೆಗೂ ನಮ್ಮ 160 ಚದರ ಅಡಿಯ ಖೋಲಿಗೂ ಒಂದು ಅಧ್ಯಾಯ. ಸೊಲ್ಲಾಪುರಕ್ಕೆ ಮುಂದಿನ ತಿಂಗಳು ಹೊರಟಿದ್ದೇನೆ. ಅಣ್ಣ, ಕುಂಭಾರಿಯಲ್ಲಿ ಯಾರನ್ನು ಕಾಣಬೇಕು ಎಂದು ನಿಮಗೆ ಬೇರೆಯಾಗಿ ಬರೆಯುತ್ತೇನೆ. ತಮಿಳು ಸಂದರ್ಶನಗಳನ್ನು ಕೇಳಲು ಧಾರಾವಿಯ ಒಬ್ಬ ಗೆಳತಿ ಜೊತೆ ಕೊಡಲು ಒಪ್ಪಿದ್ದಾಳೆ. ನಾನು ಅವಳಿಗೆ ಚಾಳಿನ ಕನ್ನಡ ಬಿಡಿಸಿ ಹೇಳಬೇಕು ಎಂಬುದು ಒಪ್ಪಂದ.

ಅಜ್ಜಿಗೂ ಓದಿ ಹೇಳಿದೆ. ಸಿಂಗಪುರದ ಭಾಗ ಬಂದಾಗ ತಡೆದು, “ಅಲ್ಲಿ ಗಂಡ ಸತ್ತ ಮುದುಕಿಗೆ ಕೊಡುತ್ತಾರೆಯೇ?” ಎಂದು ಕೇಳಿದರು. ಕೊಡುತ್ತಾರೆ, ಮದುವೆಯಾಗದ ಹುಡುಗಿಯಾದರೆ ಮೂವತ್ತೈದು ವರ್ಷವಾಗುವವರೆಗೆ ಕಾಯಬೇಕು ಎಂದೆ. “ಹಾಗಾದರೆ ಅಲ್ಲಿ ನಾನು ಪಾತ್ರ, ನೀನು ಅಪಾತ್ರ” ಎಂದರು. ಆ ಪದವನ್ನು ಅವರ ಬಾಯಲ್ಲಿ ಮತ್ತೆ ಕೇಳಿದ್ದು ಅಂದೇ. ಮೇಷ್ಟ್ರೇ, ನನ್ನ ಮೊದಲ ಅಧ್ಯಾಯ ಈ ಮಾತಿನಿಂದ ಶುರುವಾಗುತ್ತದೆ. ಅವರ ಒಪ್ಪಿಗೆ ಕೇಳಿಯೇ ಬರೆದಿದ್ದೇನೆ.

ಆಮೇಲೆ ಹಿಟ್ಟಿನ ಡಬ್ಬಿಯ ಹಿಂದಿನಿಂದ ಚೀಲ ತೆಗೆದು, ಅಜ್ಜನ ಹೆಸರಿನ ಎಲ್ಲಕ್ಕಿಂತ ಹಳೆಯ ರಸೀದಿಯನ್ನು ನನ್ನ ಮುಂದೆ ಇಟ್ಟರು. ಫೋಟೊ ತೆಗೆದುಕೋ ಎಂದರು. ಖೋಲಿ ಸಂಖ್ಯೆಯ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದಿದ್ದರು. ನಾನು ಹಾಗೆಯೇ, ಬೆರಳಿನ ಸಮೇತ ತೆಗೆದುಕೊಂಡೆ.